ಮಗ್ಗ ಕಾಯುತ್ತದೆ, ಹಂಡೆ ಕಾಯದು

ಆರು ಲಡಿ ನೂಲು. ಮೂರು ದಿನ ಬೇರೆ ಕೆಲಸ ಬಿಟ್ಟು, ಅಡಿಕೆ ಚೊಗರಿನಲ್ಲಿ ಅದ್ದಿ, ಆರಿಸಿ, ಮತ್ತೆ ಅದ್ದಿ ತೆಗೆದದ್ದು. ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮೊದಲಿನ ಗಟ್ಟಿ ಬಿಸಿಲು. ಹಸಿ ಬಣ್ಣಕ್ಕೆ ನೇರ ಬಿಸಿಲು ಬೇಡವೆಂದು ತೋಟದ ಅಂಚಿನಲ್ಲಿ, ಅಡಿಕೆ ಮರಗಳ ನೆರಳು ಬಂದುಹೋಗುವ ಕಡೆ ಹಗ್ಗ ಕಟ್ಟಿ ನೇತುಹಾಕಿದ್ದೆ. ಅವತ್ತೇ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವವರೂ ಬಂದಿದ್ದರು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನಾನು ನೋಡಲಿಲ್ಲ. ನೂಲು ಒಣಗಿಸಿದ್ದೇನೆ ಎಂದು ಅವರಿಗೆ ಹೇಳಲೂ ಇಲ್ಲ. ಊಟಕ್ಕೆ ಕರೆಯಲು ಹೋದಾಗ ನೋಡಿದರೆ, ಇಟ್ಟಿಗೆಗೆಂಪಿನ ಆರೂ ಲಡಿಗಳ ಮೇಲೆ ಸಾಸಿವೆ ಸಿಡಿದಂತೆ ಕಡುಗಂದು ಚುಕ್ಕೆಗಳು, ಅಂಚಿಗೆ ಒಂದಿಷ್ಟು ಪಾಚಿಯ ಛಾಯೆ.

ತೊಳೆದೆ, ಉಜ್ಜಿದೆ, ರಾತ್ರಿಯಿಡೀ ನೀರಿನಲ್ಲಿ ಬಿಟ್ಟೆ. ಹೋಗಲಿಲ್ಲ. ಹೋಗುವ ಜಾತಿಯದೂ ಅಲ್ಲ ಅದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಔಷಧಿಯನ್ನು ನೂರು ವರ್ಷಕ್ಕೂ ಹಿಂದೆ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಗೆ ಒಗ್ಗಿಸಿದರು. ಮೈಲುತುತ್ತ ತಾಮ್ರದ ಉಪ್ಪು. ಬಣ್ಣಗಾರರು ಗಿಡದ ಬಣ್ಣ ನೂಲಿಗೆ ಕಚ್ಚಲೆಂದು ಬೇಕೆಂದೇ ಬಳಸುವ ಲೋಹದ ಉಪ್ಪುಗಳಲ್ಲಿ ಅದೂ ಒಂದು. ಕೊಳೆ ಬಾರದಿರಲಿ ಎಂದು ಮರದ ತುದಿಯಲ್ಲಿ ಹೊಡೆದದ್ದು ಕೆಳಗೆ ನನ್ನ ನೂಲಿಗೆ ಬಣ್ಣ ಹಾಕಿಕೊಟ್ಟಿತ್ತು, ಅಷ್ಟೇ. ಮರ ಹತ್ತಿ ಔಷಧಿ ಹೊಡೆದ ಕೊನೆಗಾರನನ್ನು ಬೈಯೋಣವೆಂದರೆ ಅವನದೇನೂ ತಪ್ಪಿರಲಿಲ್ಲ.

ಅವತ್ತು ಸಿಟ್ಟು ಇಳಿದ ಮೇಲೆ ಹೊಳೆದ ಸಂಗತಿ ಇದು: ತೋಟದ ಮನೆಗೂ ಬಣ್ಣದ ಮನೆಗೂ ಸಾಮಾನಿನ ಕೋಣೆ ಒಂದೇ. ಮೈಲುತುತ್ತ ಅಲ್ಲಿದೆ, ಸುಣ್ಣ ಅಲ್ಲಿದೆ. ಬಚ್ಚಲ ಒಲೆಯ ಬೂದಿ ಬೇಡವೆಂದರೂ ರಾಶಿ ಬೀಳುತ್ತದೆ. ಸೊಪ್ಪಿನ ಬೆಟ್ಟಕ್ಕೆ ಹೋದರೆ ಅಳಲೆಕಾಯಿ ಕಾಲಿಗೆ ಸಿಗುತ್ತದೆ. ಅಟ್ಟದ ಮೇಲೆ ಹೋದ ವರ್ಷದ ಚೊಗರು ಡ್ರಮ್ಮಿನಲ್ಲಿ ಕೂತಿದೆ.

ಚೊಗರು ಎಂದರೆ ಒಗರು. ಹೆಸರಿನಲ್ಲೇ ಅದರ ಗುಣ ಹೇಳಿಬಿಟ್ಟಿದ್ದಾರೆ. ಬಲಿತೂ ಬಲಿಯದ ಹಸಿರು ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಅದರ ಒಗರು ನೀರಿಗೆ ಇಳಿಯುತ್ತದೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಂತೆ ಅದು ಕೆಂಪಾಗಿ, ಮಂದವಾಗಿ, ಕೊನೆಗೆ ಕಾಕಂಬಿಯ ಹದಕ್ಕೆ ಬರುತ್ತದೆ. ಒಣಗಿದ ಕೆಂಪಡಿಕೆಗೆ ಹೊಳಪು ಕೊಡಲು ಇದನ್ನೇ ಲೇಪಿಸುತ್ತಾರೆ, ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಇಡುತ್ತಾರೆ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ ಎಂದು ವಿಂಗಡಿಸುವ ಗಲಾಟೆಯಲ್ಲಿ ಚೊಗರಿನ ಲೆಕ್ಕ ಇಡುವವರು ನಮ್ಮ ಕಡೆ ಕಡಿಮೆ. ಅದು ಹತ್ತಿ ನೂಲಿಗೆ ಹಿಡಿಯುವ ಬಣ್ಣ ಎಂಬುದನ್ನು ನಾಡಿಗೆ ತೋರಿಸಿಕೊಟ್ಟದ್ದರಲ್ಲಿ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ‘ಚರಕ’ದ ಹೆಂಗಸರ ಪಾಲು ದೊಡ್ಡದು. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಸಹಕಾರ ಸಂಘ ಅದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ಬಣ್ಣ ಹಾಕಿ, ನೇಯ್ದು, ಹೊಲಿದದ್ದು ‘ದೇಸಿ’ ಅಂಗಡಿಗಳ ಜುಬ್ಬಾ, ಸೀರೆಗಳಾದವು. ಅಡಿಕೆ ಬೆಳೆಯುವವರ ಮನೆಯಲ್ಲಿ ಚೊಗರು ಬಟ್ಟೆಗೆ ಬಿದ್ದರೆ ಬೈಗುಳ. ಅಲ್ಲಿ ಅದಕ್ಕೇ ಬೆಲೆ.

ಒಂದೇ ಚೊಗರು ಎಷ್ಟು ಬಣ್ಣ ಕೊಡುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ರಸಾಯನಶಾಸ್ತ್ರ ಓದಬೇಕಿಲ್ಲ, ಕವಳ ಹಾಕಿದರೆ ಸಾಕು. ಅಡಿಕೆ ಬರೀ ಜಗಿದರೆ ಬಾಯಿ ಕೆಂಪಾಗುವುದು ಅಷ್ಟಕ್ಕಷ್ಟೆ. ಎಲೆಗೆ ಸುಣ್ಣ ಹಚ್ಚಿದ ಮೇಲೆ ರಂಗೇರುತ್ತದೆ. ಚೊಗರಿನಲ್ಲಿ ಅದ್ದಿದ ಲಡಿಯನ್ನು ತಿಳಿ ಸುಣ್ಣದ ನೀರಿನಲ್ಲಿ ಮುಳುಗಿಸಿ ತೆಗೆದರೂ ಆಗುವುದು ಅದೇ. ಪಟಕದ ನೀರಿಗೆ ಹಾಕಿದರೆ ಮೆದುವಾದ ಗುಲಾಬಿಗಂದು. ಕಬ್ಬಿಣದ ಉಪ್ಪಾದ ಅನ್ನಭೇದಿ ತಾಕಿಸಿದರೆ ಬೂದು, ಇನ್ನಷ್ಟು ಹೊತ್ತು ಬಿಟ್ಟರೆ ಮಳೆಮೋಡದ ಕಪ್ಪು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕಪ್ಪಾಗುವುದು, ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಕೂಡಿಸಿ ಶಾಯಿ ಮಾಡಿಕೊಳ್ಳುತ್ತಿದ್ದುದು, ಎಲ್ಲ ಒಂದೇ ಕತೆ: ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು. ಅನ್ನಭೇದಿ ಮಾತ್ರ ಕೈಬಿಗಿ ಹಿಡಿದು ಹಾಕಬೇಕು. ನೂರು ಗ್ರಾಂ ನೂಲಿಗೆ ನಾನು ಎರಡು ಗ್ರಾಂ ದಾಟುವುದಿಲ್ಲ. ಹೆಚ್ಚಾದರೆ ಬಣ್ಣವೇನೋ ಬರುತ್ತದೆ, ಎರಡು ವರ್ಷದಲ್ಲಿ ಬಟ್ಟೆ ಹಪ್ಪಳದಂತೆ ಹರಿಯುತ್ತದೆ.

ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ. ಬಾವಿಯ ನೀರಿನಲ್ಲೇ ಕಬ್ಬಿಣದ ಅಂಶ ಇದೆ. ಮೊದಲ ವರ್ಷ ಎಷ್ಟು ಮಾಡಿದರೂ ಗುಲಾಬಿ ಬಾರದೆ ಎಲ್ಲ ಮಂಕಾಗಿ ಬರುತ್ತಿತ್ತು. ನನ್ನ ಕೈಗುಣ ಎಂದುಕೊಂಡಿದ್ದೆ. ಮಾಡಿನಿಂದ ಹಿಡಿದ ಮಳೆನೀರಿನಲ್ಲಿ ಹಾಕಿ ನೋಡಿದ ಮೇಲೆ ಗುಲಾಬಿ ಬಂತು.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ತೋಟ, ಕೊಟ್ಟಿಗೆ, ಬಂದುಹೋಗುವವರು, ಇದರ ನಡುವೆ ಇದಕ್ಕೆಲ್ಲ ಹೊತ್ತು ಎಲ್ಲಿಂದ ತರ್ತೀರಿ ಮಾರಾಯ್ರೆ?” ಬೆಳಗ್ಗೆ ನಾಲ್ಕಕ್ಕೆ ಏಳುತ್ತೇನೆ ಎಂಬ ಉತ್ತರ ಅವರಿಗೆ ಇಷ್ಟ. ಅದು ನಿಜವಲ್ಲ. ಹೊತ್ತು ಹೊಂದಿಸುವುದು ಗಡಿಯಾರದ ಕೆಲಸ ಎಂದು ನಾನೂ ಎರಡು ವರ್ಷ ನಂಬಿ, ಬೆಳಿಗ್ಗೆ ಒಂದು ಗಂಟೆ ಮಗ್ಗ, ಸಂಜೆ ಒಂದು ಗಂಟೆ ಬಣ್ಣ ಎಂದು ಗೋಡೆಗೆ ಪಟ್ಟಿ ಅಂಟಿಸಿ ಸೋತಿದ್ದೇನೆ. ನೋಡಬೇಕಾದದ್ದು, ಯಾವ ಕೆಲಸವನ್ನು ನಡುವೆ ಬಿಟ್ಟು ಎದ್ದು ಹೋಗಬಹುದು, ಯಾವುದನ್ನು ಬಿಡಬಾರದು ಎಂಬುದನ್ನು.

ಮಗ್ಗ ಕಾಯುತ್ತದೆ. ಲಾಳಿ ಅರ್ಧದಲ್ಲಿದ್ದರೂ ಸೈ, ಎದ್ದು ಹೋಗಿ ಕರುವಿಗೆ ಹಾಲು ಬಿಟ್ಟು, ಅನ್ನಕ್ಕಿಟ್ಟು, ಮೂರು ದಿನ ನೆಂಟರ ಮನೆಯ ಉಪನಯನ ಮುಗಿಸಿ ಬಂದು ಕೂತರೂ ಎಳೆಗಳು ಬಿಟ್ಟ ಜಾಗದಲ್ಲೇ ಇರುತ್ತವೆ. ಹಾಸಿನ, ಅಂದರೆ ಉದ್ದದ ಎಳೆಗಳ, ಬಿಗಿ ಸ್ವಲ್ಪ ಸಡಿಲಿಸಿ ಹೋದರೆ ಇನ್ನೂ ಒಳ್ಳೆಯದು. ಹಂಡೆ ಹಾಗಲ್ಲ. ಒಲೆ ಹೊತ್ತಿಸಿದ ಮೇಲೆ ಅದು ಕಾಯುತ್ತದೆ, ಆದರೆ ನಮಗಾಗಿ ಕಾಯುವುದಿಲ್ಲ.

ಬಣ್ಣ ಹಾಕುವ ದಿನ ಹೇಗಿರುತ್ತದೆ ಎಂದು ಹೇಳಿದರೆ ಇದು ತಿಳಿಯುತ್ತದೆ. ಹಿಂದಿನ ದಿನವೇ ನೂಲನ್ನು ಸೋಡಾ ಇಲ್ಲವೇ ಬೂದಿಯ ತಿಳಿನೀರಿನಲ್ಲಿ ಕುದಿಸಬೇಕು. ಹತ್ತಿಗೆ ಹುಟ್ಟಿನಿಂದ ಬಂದ ಮೇಣವಿರುತ್ತದೆ, ಅದು ಹೋಗದೆ ಬಣ್ಣ ಒಳಗೆ ಇಳಿಯುವುದಿಲ್ಲ. ಬೆಳ್ಳಗೆ ಕಾಣುವ ನೂಲು ಕುದಿದ ನೀರು ಕಡಕ್ ಚಹಾದ ಬಣ್ಣಕ್ಕೆ ತಿರುಗುವುದನ್ನು ನೋಡಿದ ನಮ್ಮತ್ತೆ, “ಇಷ್ಟು ಕೊಳೆಯನ್ನು ಇಷ್ಟು ದಿನ ಮೈಮೇಲೆ ಹಾಕ್ಕೊಳ್ತಾ ಇದ್ವನೇ?” ಎಂದು ಕೇಳಿದ್ದರು. ಸರಿಯಾಗಿ ಬೆಂದಿದೆಯೇ ಎಂದು ನೋಡಲು ಒಣಗಿದ ನೂಲಿನ ತುಂಡನ್ನು ಬಕೆಟ್ ನೀರಿಗೆ ಬಿಡುತ್ತೇನೆ. ತೇಲಿದರೆ ಮೇಣ ಉಳಿದಿದೆ. ಕಲ್ಲಿನಂತೆ ಮುಳುಗಿದರೆ ಆಯಿತು. ಮಂಜಿಷ್ಠದಂಥ ಬಣ್ಣಕ್ಕಾದರೆ ಅಳಲೆಕಾಯಿ ನೀರಿನಲ್ಲಿ ರಾತ್ರಿ ನೆನೆಸುವುದು ಇನ್ನೊಂದು ಹಂತ. ಚೊಗರಿನಲ್ಲಿ ಆ ಒಗರು ಮೊದಲೇ ಇರುವುದರಿಂದ ಅಷ್ಟು ಕೆಲಸ ಉಳಿಯುತ್ತದೆ.

ಮರುದಿನ ಹಂಡೆ. ಚೊಗರನ್ನು ನೀರಿಗೆ ಬೆರೆಸಿ, ಸೋಸಿ, ಒದ್ದೆ ಲಡಿಗಳನ್ನು ಬಿದಿರ ಕೋಲಿಗೆ ಸಿಕ್ಕಿಸಿ ಇಳಿಬಿಡುತ್ತೇನೆ. ಅಲ್ಲಿಂದ ಒಂದು ಗಂಟೆ ಜಾಗ ಬಿಟ್ಟು ಕದಲುವಂತಿಲ್ಲ. ಕೋಲಿನ ಮೇಲಿರುವ ಭಾಗ ಕೆಳಗೆ ಬರಬೇಕು, ಕೆಳಗಿನದು ಮೇಲೆ ಹೋಗಬೇಕು, ತಿರುಗಿಸುತ್ತಲೇ ಇರಬೇಕು. ಐದು ನಿಮಿಷ ಬಿಟ್ಟರೆ ಮುಳುಗಿದ್ದು ಕಡು, ಮೇಲಿದ್ದದ್ದು ತೆಳು, ಲಡಿ ಪಟ್ಟೆಹುಲಿ. ಆ ಗಂಟೆಯಲ್ಲೇ ಫೋನು ಬರುತ್ತದೆ. ಆ ಗಂಟೆಯಲ್ಲೇ ದನ ಕಣ್ಣಿ ಬಿಚ್ಚಿಕೊಂಡು ಬಾಳೆಗೆ ಬಾಯಿ ಹಾಕುತ್ತದೆ. ನಮ್ಮ ಮನೆಯಲ್ಲಿ ಈಗ ಒಪ್ಪಂದವಾಗಿದೆ: ಬಣ್ಣದ ದಿನ ಕೊಟ್ಟಿಗೆ ನಮ್ಮವರದು, ಅಡುಗೆ ಹಿಂದಿನ ರಾತ್ರಿಯ ಹುಳಿ. ಹಂಡೆ, ಸೌಟು, ಬಕೆಟ್ಟು ಯಾವುದೂ ಒಳಮನೆಗೆ ಬರಕೂಡದು ಎಂಬುದು ಅತ್ತೆಯ ಕಟ್ಟಪ್ಪಣೆ. ಅವರ ಕಾರಣ ಮಡಿ, ನನ್ನ ಕಾರಣ ಅನ್ನಭೇದಿ. ನಿಯಮ ಒಂದೇ ಆದ್ದರಿಂದ ಜಗಳವಿಲ್ಲ.

ದಿನವನ್ನು ಬಿಟ್ಟು ವರ್ಷವನ್ನು ನೋಡಿದರೆ ಲೆಕ್ಕ ಇನ್ನೂ ಸಲೀಸು.

ಮಳೆಗಾಲ ಮಗ್ಗದ ಕಾಲ. ಹತ್ತಿಯ ಎಳೆ ತೇವದಲ್ಲಿ ಗಟ್ಟಿ, ಒಣ ಹವೆಯಲ್ಲಿ ಪೆಳಸು. ಬಯಲುಸೀಮೆಯ ನೇಕಾರರು ನೆಲಕ್ಕೆ ಗುಂಡಿ ತೋಡಿ ಮಗ್ಗ ಹೂಡಿದ್ದರಲ್ಲಿ ಈ ಲಾಭವೂ ಇದೆ, ನೆಲದ ತಂಪು ಹಾಸಿನ ಎಳೆಗಳಿಗೆ ತಾಕುತ್ತಿರುತ್ತದೆ. ನಮ್ಮಲ್ಲಿ ಗುಂಡಿ ತೋಡಿದರೆ ಜುಲೈಯಲ್ಲಿ ಕಪ್ಪೆ ನೇಯ್ಗೆ ಕಲಿಯುತ್ತದೆ. ಹಾಗಾಗಿ ನನ್ನದು ಜಗುಲಿಯ ಮೇಲೆ ನಿಂತ ಚೌಕಟ್ಟಿನ ಮಗ್ಗ, ತಂಪು ತಾನಾಗಿಯೇ ಬರುತ್ತದೆ. ಮೇನಲ್ಲಿ ದಿನಕ್ಕೆ ಹತ್ತು ಸಲ ಹರಿಯುವ ಎಳೆ ಆಷಾಢದಲ್ಲಿ ಒಂದೆರಡು ಸಲ ಹರಿದರೆ ಹೆಚ್ಚು. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟಿಲ್ಲ, ಬರುವವರಿಲ್ಲ. ಆದರೆ ಅದೇ ತಿಂಗಳಲ್ಲಿ ಬಣ್ಣ ಹಾಕಲು ಹೋದಿರೋ ಕೆಟ್ಟಿರಿ. ಲಡಿ ವಾರವಾದರೂ ಆರುವುದಿಲ್ಲ, ಮುಗ್ಗಲು ಹಿಡಿಯುತ್ತದೆ. ಹಾಸಿನ ಎಳೆಗಳಿಗೆ ಹಾಕುವ ಅಕ್ಕಿಗಂಜಿಗೂ ಬೂಸ್ಟು ಬರುತ್ತದೆ. ಆದ್ದರಿಂದ ಬಣ್ಣ ಹಾಕುವುದು, ತುಸು ಕೊಬ್ಬರಿ ಎಣ್ಣೆ ಬೆರೆಸಿದ ಗಂಜಿ ಕುಡಿಸುವುದು, ಹಾಸು ಹಾಕುವುದು ಎಲ್ಲ ಫೆಬ್ರುವರಿಯಿಂದ ಮೇ ಒಳಗೆ ಮುಗಿಯಬೇಕು. ಮಳೆಗಾಲಕ್ಕೆ ಉಪ್ಪಿನಕಾಯಿ, ಹಪ್ಪಳ, ಸೌದೆ ಕೂಡಿಡುವಂತೆ ನೂಲನ್ನೂ ಕೂಡಿಡುವುದು.

ನವೆಂಬರಿನಿಂದ ಜನವರಿ, ಅಡಿಕೆ ಸುಗ್ಗಿ. ಮಗ್ಗದ ಮೇಲೆ ಹಳೆ ಸೀರೆ ಹೊದೆಸಿಬಿಡುತ್ತೇನೆ. ತಮಾಷೆ ನೋಡಿ, ಚೊಗರು ಹಂಡೆಯಲ್ಲಿ ಕೊತಕೊತ ಕುದಿಯುವುದು ಆಗಲೇ, ಬಣ್ಣ ಹಾಕಲು ಒಂದು ಮಿಣಿಕು ಪುರುಸೊತ್ತಿಲ್ಲದ್ದೂ ಆಗಲೇ. ಪುಣ್ಯಕ್ಕೆ ಚೊಗರು ಕೆಡುವುದಿಲ್ಲ. ಕೈಯಂತೂ ನೂಲು ಮುಟ್ಟುವ ಸ್ಥಿತಿಯಲ್ಲಿ ಇರುವುದಿಲ್ಲ. ಹಸಿ ಅಡಿಕೆ ಸುಲಿದರೆ ಬೆರಳು ಕಪ್ಪಾಗಿ, ತುದಿ ಒಡೆದು, ಮರಳುಕಾಗದದಂತೆ ದೊರಗಾಗುತ್ತದೆ. ಎಳೆ ಹಿಡಿದರೆ ಚರ್ಮಕ್ಕೇ ಸಿಕ್ಕಿಕೊಳ್ಳುತ್ತದೆ. ರೇಷ್ಮೆ ನೇಯಬಾರದೇಕೆ ಎಂದು ಕೇಳಿದವರಿಗೆ ನಾನು ಕೈ ತೋರಿಸಿದ್ದೇನೆ.

ಇಲ್ಲಿ ಗಾಂಧಿಯವರ ಮಾತು ಬರಲೇಬೇಕು. ಈ ದೇಶದ ರೈತ ವರ್ಷದಲ್ಲಿ ಕಡಿಮೆಯೆಂದರೂ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂರುತ್ತಾನೆ, ಆ ಬಿಡುವಿಗೆ ಚರಕವೇ ತಕ್ಕ ಜೊತೆ ಎಂಬುದು ಅವರ ವಾದದ ತಿರುಳು. ಮಳೆ ನಂಬಿದ ಒಂದೇ ಬೆಳೆಯ ನೆಲಕ್ಕೆ ಅದು ಒಪ್ಪುವ ಲೆಕ್ಕ. ಗಂಡಸರ ಲೆಕ್ಕವೂ ಹೌದು. ಬೆಳೆ ಇಲ್ಲದ ತಿಂಗಳಲ್ಲಿ ದನ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ, ಮಕ್ಕಳ ಹಸಿವೂ ನಿಲ್ಲುವುದಿಲ್ಲ. ಹೆಂಗಸಿನ ಕೆಲಸಕ್ಕೆ ಸುಗ್ಗಿ ಉಂಟು, ಬಿಡುವಿನ ಕಾಲವಿಲ್ಲ. ಹಾಗಿದ್ದೂ 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷಕ್ಕೂ ಹೆಚ್ಚಿನ ಕೈಮಗ್ಗ ಕೆಲಸಗಾರರಲ್ಲಿ ಹತ್ತಕ್ಕೆ ಏಳು ಮಂದಿ ಹೆಂಗಸರೇ. ಅವರು ಯಾರೂ ಬಿಡುವಿದ್ದು ನೇಯುತ್ತಿರುವಂತೆ ನನಗೆ ಕಾಣುವುದಿಲ್ಲ.

ನನಗೆ ಬಿಡುವು ಸಿಕ್ಕದ್ದು ಹೇಗೆಂದು ಪ್ರಾಮಾಣಿಕವಾಗಿ ಹೇಳಿದರೆ ಖಾದಿಯ ಹಿರಿಯರು ಬೇಸರಪಟ್ಟುಕೊಂಡಾರು. ನಮ್ಮತ್ತೆಯ ಕಾಲದಲ್ಲಿ ಸುಗ್ಗಿಯ ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಜಗುಲಿಯ ತುಂಬ ಮೆಟ್ಟುಗತ್ತಿ ಇಟ್ಟುಕೊಂಡು ಊರಿನ ಹೆಂಗಸರೆಲ್ಲ ಅಡಿಕೆ ಸುಲಿಯುತ್ತಿದ್ದರು. ಈಗ ಹೆಚ್ಚಿನದನ್ನು ಸುಲಿಯುವುದು ಮೆಷಿನ್ನು. ರುಬ್ಬುವುದೂ ಯಂತ್ರ, ನೀರೆತ್ತುವುದೂ ಯಂತ್ರ. ಆ ಜಗುಲಿ ಖಾಲಿಯಾದ ಜಾಗದಲ್ಲೇ ನನ್ನ ಮಗ್ಗ ನಿಂತಿರುವುದು. ಯಂತ್ರ ಬಿಟ್ಟುಕೊಟ್ಟ ಹೊತ್ತಿನಲ್ಲಿ ನಾನು ಯಂತ್ರವಿಲ್ಲದೆ ನೇಯುತ್ತಿದ್ದೇನೆ. ಸುಲಿದ ಲೆಕ್ಕಕ್ಕೆ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಆ ಖಾಲಿ ಹೊತ್ತಿನಿಂದ ಏನು ಬಂತು ಎಂಬ ಪ್ರಶ್ನೆ ಬೇರೆ, ಅದಕ್ಕೆ ಮಗ್ಗದ ಮುಂದೆ ಕೂತ ನಾನು ಸುಲಭದ ಉತ್ತರ ಕೊಡಲಾರೆ. ಭೀಮನಕೋಣೆಯ ‘ಚರಕ’ದಂಥ ಕಡೆ ಸಂಬಳಕ್ಕೆ ಕೂರುವ ನೇಕಾರ್ತಿ ಬೇರೆ, ಹೊಟ್ಟೆಗೆ ಅಡಿಕೆ ಇರುವ ನಾನು ಬೇರೆ. ಇಬ್ಬರನ್ನೂ ಒಂದೇ ‘ಕೈಮಗ್ಗದ ಚೆಲುವು’ ಎಂಬ ಚೌಕಟ್ಟಿನಲ್ಲಿ ಫೋಟೋ ಹಿಡಿಯುವುದು ನನಗೆ ಸೇರದು. ಅಂದಹಾಗೆ, ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ನಮ್ಮಲ್ಲಿ ಹೆಚ್ಚಿನ ವರ್ಷ ಅದು ಎರಡನೇ ಸುತ್ತಿನ ಕೊಳೆ ಔಷಧಿಗೆ ಮಳೆ ಹೊಳವಾಗಲೆಂದು ಆಕಾಶ ನೋಡುವ ದಿನ.

ನೇಯ್ಗೆಯ ಲೆಕ್ಕ ಒಂದಿಷ್ಟು ಹೇಳಿಬಿಡುತ್ತೇನೆ, ಬಟ್ಟೆ ದುಬಾರಿ ಎನ್ನುವವರಿಗೆ ಬೇಕಾಗುತ್ತದೆ. ನೂಲಿನ ನಂಬರು ಎಣಿಸುವಾಗ ಒಂದು ಲಡಿ ಎಂದರೆ 840 ಗಜ. ಒಂದು ಪೌಂಡ್ ತೂಕಕ್ಕೆ ಇಂಥ ಎಷ್ಟು ಲಡಿ ಬರುತ್ತವೋ ಅದು ಆ ನೂಲಿನ ನಂಬರು. 40ರ ನೂಲಾದರೆ ಅರ್ಧ ಕಿಲೋಗೂ ಕಡಿಮೆ ತೂಕದಲ್ಲಿ ಸುಮಾರು 30 ಕಿಲೋಮೀಟರ್ ಎಳೆ ಇರುತ್ತದೆ, ಸಾಗರದಿಂದ ಜೋಗದವರೆಗೆ ಹಾಸಬಹುದು. ನನ್ನ ಹಣಿಗೆಯಲ್ಲಿ ಇಂಚಿಗೆ 48 ಎಳೆ, ಅಗಲ 40 ಇಂಚು. ಅಂದರೆ ಹಾಸಿನಲ್ಲಿ 1,920 ಎಳೆ. ಅಡ್ಡ ಎಳೆಯಾದ ಹೊಕ್ಕೂ ಅಷ್ಟೇ ದಟ್ಟವಾಗಿ ಬಿದ್ದರೆ ಒಂದು ಮೀಟರ್ ಬಟ್ಟೆಗೆ ಲಾಳಿ 1,900 ಸಲದ ಹತ್ತಿರ ಅತ್ತಿಂದಿತ್ತ ಓಡಬೇಕು. ಒಂದು ಹಾಸು ಮುಗಿದು ಹೊಸತನ್ನು ಸೇರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಕೂಡಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅದನ್ನು 1,920 ಸಲ ಮಾಡಬೇಕು. ಕೈ ಪಳಗಿದವರು ಅರ್ಧ ದಿನದಲ್ಲಿ ಮುಗಿಸಿಯಾರು. ನನಗೆ ನಾಲ್ಕು ಸಂಜೆ ಬೇಕು. ಇದು ಕಾಯುವ ಜಾತಿಯ ಕೆಲಸ, ಮಧ್ಯೆ ಎದ್ದು ಹೋಗಬಹುದು. ಎಣಿಕೆ ತಪ್ಪಿದರೆ ಮಾತ್ರ ದೇವರೇ ಗತಿ. ಮಗ್ಗದ ಹತ್ತಿರ ಕಾಲಿಡದವರೂ ‘ಹಾಸುಹೊಕ್ಕು’ ಎನ್ನುತ್ತಾರಲ್ಲ, ಆ ಮಾತಿನ ಭಾರ ಎಷ್ಟು ಎಂದು ತಿಳಿದದ್ದು ಕೆಚ್ಚಲು ಕೂತಾಗ.

ನೀಲಿಯ ವಿಷಯದಲ್ಲಿ ನಾನು ಸೋತೆ. ನೀಲಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಹುಳಿಯಿಸಿ, ಆ ನೀರಿನೊಳಗಿನ ಆಮ್ಲಜನಕ ಕಳೆದರೆ ಕರಗುತ್ತದೆ. ದಕ್ಷಿಣದ ಹಳೆಯ ಬಣ್ಣಗಾರರು ಇದಕ್ಕೆ ಸುಣ್ಣದ ಜೊತೆ ಬೇಯಿಸಿದ ತಗಚೆ ಬೀಜ ಹಾಕುತ್ತಿದ್ದರು. ಮಳೆಗಾಲದಲ್ಲಿ ನಾವು ಸೊಪ್ಪು ಕೊಯ್ದು ಪಲ್ಯ ಮಾಡುವ, ಯಾರೂ ಬೆಳೆಸದೆ ಬೆಳೆಯುವ ಅದೇ ಗಿಡ. ಬಾನಿ ಹದಕ್ಕೆ ಬಂದರೆ ಮೇಲೆ ತಾಮ್ರದ ಹೊಳಪಿನ ಕೆನೆ, ಒಳಗೆ ಹಸಿರುಹಳದಿ ನೀರು. ಅದ್ದಿ ತೆಗೆದ ಲಡಿ ಹಸಿರಾಗಿಯೇ ಹೊರಗೆ ಬರುತ್ತದೆ. ಗಾಳಿ ತಾಕಿದ ಕ್ಷಣದಿಂದ, ಕಣ್ಣೆದುರೇ, ತುದಿಯಿಂದ ನೀಲಿ ಹಬ್ಬಿಕೊಂಡು ಬರುತ್ತದೆ. ಆ ಒಂದು ನಿಮಿಷಕ್ಕಾಗಿ ಏನು ಬೇಕಾದರೂ ಮಾಡಬಹುದು ಎನ್ನಿಸಿತ್ತು. ಆದರೆ ನೀಲಿಯ ಬಾನಿ ಬದುಕಿರುವ ವಸ್ತು. ಬೆಚ್ಚಗಿಡಬೇಕು, ದಿನಾ ಕಲಕಬೇಕು, ಮೂಸಿ ನೋಡಬೇಕು, ಹಸಿದಾಗ ಬೆಲ್ಲವನ್ನೋ ತೌಡನ್ನೋ ಉಣಿಸಬೇಕು. ಸುಗ್ಗಿಯ ಒಂದು ವಾರ ನಾನು ಅತ್ತ ಮುಖ ಹಾಕಲಿಲ್ಲ. ತಿರುಗಿ ನೋಡಿದಾಗ ಕೊಳೆತ ನಾತ, ಮಣ್ಣಿನ ಬಣ್ಣ. “ಕೊಟ್ಟಿಗೆಯಲ್ಲಿ ಮೂರಿವೆ, ನಾಲ್ಕನೆಯದು ಯಾಕೆ ಬೇಕಿತ್ತು?” ಎಂದರು ಅತ್ತೆ. ಅವರ ಮಾತೇ ಸರಿ. ನೀಲಿಯ ನೂಲನ್ನು ಈಗ ಬಲ್ಲವರಿಂದ ಕೊಂಡು ತರುತ್ತೇನೆ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ತೋಟದವರಿಗೆ ಬೇಗ ಬಿಡುತ್ತದೆ. ನಾವು ಅಕ್ಕಿಯನ್ನು ಕೊಂಡು ತಿನ್ನುವವರೇ ಅಲ್ಲವೇ.

ಇನ್ನು ಆ ಆರು ಲಡಿ. ಎಸೆಯಲು ಮನಸ್ಸಾಗದೆ ವರ್ಷ ಪೂರ್ತಿ ಅಟ್ಟದ ಮೇಲಿದ್ದವು. ಮರುವರ್ಷದ ಮಳೆಗಾಲದಲ್ಲಿ ಕಂಡಿಕೆಗೆ ಸುತ್ತಿ ಬಿಳಿ ಹಾಸಿನ ಮೇಲೆ ಹೊಕ್ಕಾಗಿ ಹೊಡೆದೆ. ಲಡಿಯಲ್ಲಿ ಕೊಳಕಾಗಿ ಕಂಡ ಚುಕ್ಕೆಗಳು ನೇಯ್ಗೆಯಲ್ಲಿ ಹರಡಿಕೊಂಡು ಅಲ್ಲೊಂದು ಇಲ್ಲೊಂದು ಗೆರೆಯಾಗಿ, ಒಣಗಿದ ಅಡಿಕೆ ಹಾಳೆಯ ಮೈಯಂತೆ ಬಂದವು. ಬೇಕೆಂದು ಮಾಡಲು ಹೋದರೆ ಬರುವಂಥದ್ದಲ್ಲ. ನಾಲ್ಕು ಪಂಚೆಯಗಲದ ತುಂಡುಗಳಾದವು. ಒಂದನ್ನು ಅತ್ತೆ ಹೊದ್ದುಕೊಳ್ಳಲು ಇಟ್ಟುಕೊಂಡರು. ಎರಡನ್ನು ಬೆಂಗಳೂರಿನಿಂದ ಬಂದ ನೆಂಟರು, ಇದು ಯಾವ ಊರಿನ ವಿನ್ಯಾಸ ಎಂದು ಕೇಳಿ ಒಯ್ದರು. ನಮ್ಮೂರಿನದೇ ಎಂದೆ. ಉಳಿದದ್ದನ್ನು ದೀಪಾವಳಿಗೆ ಕೊನೆಗಾರನಿಗೆ ಕೊಟ್ಟೆ. ಅವನು ಬಿಡಿಸಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಂದು ಕಲೆಯನ್ನು ಉಜ್ಜಿ ನೋಡಿದ.

“ಅಮ್ಮಾ, ಇದು ನಾನು ಹೊಡೆದ ಔಷಧೀದಲ್ವ?”

“ನಿಂದೇ” ಎಂದೆ.

ಈ ವರ್ಷ ಮೇ ಕೊನೆಗೆ ಔಷಧಿ ಹೊಡೆಯಲು ಬಂದಾಗ ಅದನ್ನೇ ತಲೆಗೆ ಸುತ್ತಿಕೊಂಡು ಬಂದಿದ್ದ. ಮರ ಹತ್ತುವ ಮುಂಚೆ ಅಂಗಳದಲ್ಲಿ ನಿಂತು, ನೂಲು ಎಲ್ಲಿ ಒಣಗಿಸಿದ್ದೀರಿ ಎಂದು ಕೂಗಿ ಕೇಳಿದ. ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಮುಂಡಾಸಿನ ತುಂಬ ಹೊಸ ಚುಕ್ಕೆ ಬಿದ್ದಿದ್ದವು.